ಕಮ್ಯುನಿಟಿ ಕಾಲೇಜಿನ ಸುದ್ದಿ, ಕಾರ್ಯಕ್ರಮ, ಕೊನೆ ದಿನಾಂಕ: ಯಾವುದನ್ನು ಹೇಗೆ ಓದಬೇಕು

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜಿಗೆ, ಸೇರಬೇಕು ಅಂದುಕೊಂಡ ಕನ್ನಡದವರು ಮೊದಲು ಕೇಳುವುದು ಫೀಸು ಎಷ್ಟು ಅಂತ. ಆಮೇಲೆ, ಇಲ್ಲಿಂದ ದೊಡ್ಡ ಯೂನಿವರ್ಸಿಟಿಗೆ ಹೋಗಬಹುದಾ ಅಂತ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಫೀಸು ಕಡಿಮೆ ಆಗುವುದು, ಟ್ರಾನ್ಸ್‌ಫರ್ ಸಿಗುವುದು, ಬೇಕಾದ ಕ್ಲಾಸು ಬೇಕಾದ ಟರ್ಮಿನಲ್ಲೇ ಸಿಗುವುದು, ಎಲ್ಲವೂ ನಿಂತಿರುವುದು ದಿನಾಂಕಗಳ ಮೇಲೆ. ಆ ದಿನಾಂಕಗಳನ್ನು ಕಾಲೇಜು ಎಲ್ಲಿ ಹೇಳುತ್ತದೆ, ಯಾವಾಗ ಹೇಳುತ್ತದೆ ಅಂತ ಕೇಳುವವರು ತೀರಾ ಕಡಿಮೆ.

ನಮ್ಮ ಊರ ಕಾಲೇಜುಗಳಲ್ಲಿ ನೋಟಿಸ್ ಬೋರ್ಡ್ ಇರುತ್ತದೆ, ಅಟೆಂಡರ್ ಕ್ಲಾಸಿಗೇ ಸರ್ಕ್ಯುಲರ್ ತಂದು ಮೇಷ್ಟ್ರ ಕೈಲಿ ಓದಿಸಿ ಹೋಗುತ್ತಾರೆ. ಇಲ್ಲಿ ಹಾಗಿಲ್ಲ. ದಿನಾಂಕ ಪ್ರಕಟ ಆಯಿತು ಅಂದರೆ ಕಾಲೇಜಿನ ಕೆಲಸ ಮುಗಿಯಿತು, ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಅಪ್ಪ ಅಮ್ಮಂದಿರು ತಿಳಿದುಕೊಳ್ಳಬೇಕಾದ ಇನ್ನೊಂದು ವಿಷಯ ಇದೆ. 1974ರ ಫೆರ್ಪಾ ಅನ್ನುವ ಕಾನೂನಿನ ಪ್ರಕಾರ, ಮಗ ಅಥವಾ ಮಗಳು ಕಾಲೇಜಿಗೆ ಸೇರಿದ ಮೇಲೆ ಅವರ ದಾಖಲೆಗಳ ಹಕ್ಕು ಅವರದೇ. ವಯಸ್ಸು ಹದಿನೆಂಟು ಆಗಿಲ್ಲದಿದ್ದರೂ, ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿನ ಕ್ಲಾಸು ತೆಗೆದುಕೊಳ್ಳುವ ಡ್ಯುಯಲ್ ಎನ್‌ರೋಲ್‌ಮೆಂಟ್ ಮಕ್ಕಳಾದರೂ, ಕಾಲೇಜಿನ ದಾಖಲೆಗೆ ಇದೇ ನಿಯಮ. ನೀವು ಫೋನ್ ಮಾಡಿ "ನನ್ನ ಮಗಳು ಕ್ಲಾಸು ಡ್ರಾಪ್ ಮಾಡಿದ್ದಾಳಾ" ಅಂತ ಕೇಳಿದರೆ ಆಫೀಸಿನವರು ನಯವಾಗಿಯೇ ಆಗಲ್ಲ ಅನ್ನುತ್ತಾರೆ. ಆದರೆ ಕ್ಯಾಲೆಂಡರ್ ಎಲ್ಲರಿಗೂ ತೆರೆದಿರುತ್ತದೆ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ಮನೆಯವರು ಸಹಾಯ ಮಾಡಬಹುದಾದ ಜಾಗ ಅದೇ, ಹಾಗಾಗಿ ಅದನ್ನು ಸರಿಯಾಗಿ ಓದಲು ಕಲಿಯೋಣ.

ಮೊದಲು, ಇಷ್ಟೊಂದು ಬೆರಕೆ ಯಾಕೆ

ಯಾವುದೇ ಕಮ್ಯುನಿಟಿ ಕಾಲೇಜಿನ ಕಾರ್ಯಕ್ರಮಗಳ ಪಟ್ಟಿ ತೆಗೆದು ನೋಡಿ. ಫೀಸು ಕಟ್ಟುವ ಕೊನೆ ದಿನದ ಪಕ್ಕದಲ್ಲೇ ನಾಟಕ ಇರುತ್ತದೆ, ಅದರ ಕೆಳಗೆ ಟ್ರಸ್ಟಿಗಳ ಸಭೆ, ಆಮೇಲೆ ಬೇಸ್‌ಬಾಲ್ ಪಂದ್ಯ, ಆಮೇಲೆ ನರ್ಸಿಂಗ್ ಮಾಹಿತಿ ಸಭೆ. ಹೊಸಬರಿಗೆ ತಲೆ ಬುಡ ಗೊತ್ತಾಗುವುದಿಲ್ಲ. ಇದಕ್ಕೆ ಕಾರಣ ಈ ಕಾಲೇಜುಗಳು ಹುಟ್ಟಿದ ರೀತಿ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಜೂನಿಯರ್ ಕಾಲೇಜು ಈ ದೇಶದ ಅತಿ ಹಳೆಯ ಸಾರ್ವಜನಿಕ ಎರಡು ವರ್ಷದ ಕಾಲೇಜು. ಹೈಸ್ಕೂಲು ಮುಗಿಸಿದವರು ಮನೆ ಬಿಟ್ಟು ಹೋಗದೆ ಅಲ್ಲೇ ಮೊದಲ ಎರಡು ವರ್ಷ ಓದಲಿ ಅನ್ನುವುದು ಅದರ ಉದ್ದೇಶವಾಗಿತ್ತು. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ 1947ರಲ್ಲಿ ಇಂಥ ಕಾಲೇಜುಗಳು ಊರಿಗೆಲ್ಲ ಸೇರಿದವಾಗಿರಬೇಕು, ಹಗಲು ಕೆಲಸ ಮಾಡುವವರಿಗೂ ವಯಸ್ಸಾದವರಿಗೂ ಕಲಿಸಬೇಕು ಅಂತ ಹೇಳಿದ ಮೇಲೆ ಕಮ್ಯುನಿಟಿ ಕಾಲೇಜು ಅನ್ನುವ ಹೆಸರೇ ಬಳಕೆಗೆ ಬಂತು. ಅಂದರೆ ಕಾಲೇಜು ವಿದ್ಯಾರ್ಥಿಗಳದ್ದೂ ಹೌದು, ಊರಿನದ್ದೂ ಹೌದು. ಪಟ್ಟಿಯಲ್ಲಿ ಎಲ್ಲರ ವಿಷಯವೂ ಇದೆ. ನಿಮ್ಮದನ್ನು ನೀವು ಆರಿಸಿಕೊಳ್ಳಬೇಕು.

ಕ್ಯಾಲೆಂಡರ್ ಒಂದಲ್ಲ

ಇದು ಗೊತ್ತಿಲ್ಲದೆ ಎಷ್ಟೋ ಜನ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಕಾಲೇಜಿನಲ್ಲಿ ಅಕಾಡೆಮಿಕ್ ಕ್ಯಾಲೆಂಡರ್ ಬೇರೆ, ಈವೆಂಟ್ಸ್ ಕ್ಯಾಲೆಂಡರ್ ಬೇರೆ. ಟರ್ಮ್ ಯಾವಾಗ ಶುರು, ರಜೆ ಯಾವತ್ತು, ಕ್ಲಾಸು ಸೇರಲು ಬಿಡಲು ಕೊನೆ ದಿನ ಯಾವುದು, ಫೈನಲ್ ಪರೀಕ್ಷೆ ಯಾವ ವಾರ, ಇವು ಅಕಾಡೆಮಿಕ್ ಕ್ಯಾಲೆಂಡರಿನಲ್ಲಿ ಇರುತ್ತವೆ. ಅದು ಬಹಳ ಮುಂಚೆಯೇ ಬರುತ್ತದೆ, ಬಂದ ಮೇಲೆ ಬದಲಾಗುವುದು ಅಪರೂಪ. ಈವೆಂಟ್ಸ್ ಕ್ಯಾಲೆಂಡರ್ ಹಾಗಲ್ಲ, ಅದು ವಾರ ವಾರ ತುಂಬುತ್ತಾ ಹೋಗುತ್ತದೆ. ಯೂನಿವರ್ಸಿಟಿ ಪ್ರತಿನಿಧಿಗಳ ಭೇಟಿ, ವರ್ಕ್‌ಶಾಪು, ಉದ್ಯೋಗ ಮೇಳ, ಸಂಗೀತ ಕಚೇರಿ, ಎಲ್ಲ ಅಲ್ಲಿ ಬರುತ್ತವೆ.

ಇವೆರಡರ ಹೊರಗೆ ವಿದ್ಯಾರ್ಥಿಯ ಕಾಲೇಜು ಇಮೇಲ್ ಇದೆ. ಬರೀ ನಿಮಗೆ ಸಂಬಂಧಪಟ್ಟದ್ದು ಬರುವುದು ಅಲ್ಲಿಗೆ: ನಿಮ್ಮ ರಿಜಿಸ್ಟ್ರೇಶನ್ ಸಮಯ, ವೇಯ್ಟ್‌ಲಿಸ್ಟಿನಲ್ಲಿ ಸೀಟು ಸಿಕ್ಕ ಸುದ್ದಿ, ಫೈನಾನ್ಷಿಯಲ್ ಏಡ್ ಆಫೀಸಿಗೆ ಬೇಕಾದ ಕಾಗದ. ಮಕ್ಕಳು ತಮ್ಮ ಸ್ವಂತ ಇಮೇಲ್ ದಿನಕ್ಕೆ ನೂರು ಸಲ ನೋಡುತ್ತಾರೆ, ಕಾಲೇಜಿನದನ್ನು ತೆರೆಯುವುದೇ ಇಲ್ಲ. ಸೇರಿದ ದಿನವೇ ಅದನ್ನು ಫೋನಿಗೆ ಹಾಕಿಸಿಬಿಡಿ. ವೇಯ್ಟ್‌ಲಿಸ್ಟಿನಲ್ಲಿ ಸೀಟು ಖಾಲಿಯಾದರೆ ಕೆಲವು ಕಾಲೇಜುಗಳು ತಾವೇ ಸೇರಿಸಿಬಿಡುತ್ತವೆ, ಇನ್ನು ಕೆಲವು ಇಮೇಲ್ ಕಳಿಸಿ ಇಂತಿಷ್ಟು ಗಂಟೆಯೊಳಗೆ ನೀವೇ ಸೇರಿಕೊಳ್ಳಿ ಅನ್ನುತ್ತವೆ. ಆ ಗಂಟೆಗಳು ಕಳೆದರೆ ಸೀಟು ಹಿಂದಿನವರಿಗೆ ಹೋಗುತ್ತದೆ.

ಈಗ ಕೆಲಸ. ಅಕಾಡೆಮಿಕ್ ಕ್ಯಾಲೆಂಡರಿನಿಂದ ದಿನಾಂಕಗಳನ್ನು ಕೈಯಾರೆ ನಿಮ್ಮ ಫೋನ್ ಕ್ಯಾಲೆಂಡರಿಗೆ ಹಾಕಿಕೊಳ್ಳಿ, ಒಂದೊಂದಕ್ಕೂ ಒಂದು ವಾರ ಮುಂಚೆ ಒಂದು ನೆನಪು, ಹಿಂದಿನ ದಿನ ಇನ್ನೊಂದು. ಈವೆಂಟ್ಸ್ ಕ್ಯಾಲೆಂಡರಿಗೆ ಸಾಮಾನ್ಯವಾಗಿ ಸಬ್‌ಸ್ಕ್ರೈಬ್ ಮಾಡುವ ಬಟನ್ ಇರುತ್ತದೆ, ವಿಭಾಗ ಆರಿಸುವ ಫಿಲ್ಟರ್ ಕೂಡ ಇರುತ್ತದೆ. ಎಲ್ಲವನ್ನೂ ಎಳೆದುಕೊಂಡರೆ ಫೋನ್ ತುಂಬಾ ಪಂದ್ಯಗಳೇ ತುಂಬುತ್ತವೆ, ಆಮೇಲೆ ನೀವು ಯಾವುದನ್ನೂ ನೋಡುವುದಿಲ್ಲ. ಟ್ರಾನ್ಸ್‌ಫರ್, ಫೈನಾನ್ಷಿಯಲ್ ಏಡ್, ಕೆರಿಯರ್ ಇಷ್ಟು ಆರಿಸಿಕೊಂಡರೆ ಸಾಕು. ಇನ್ನೂ ಭಾರತದಲ್ಲೇ ಇದ್ದು ವೀಸಾಗೆ ಕಾಯುತ್ತಿರುವವರು ಒಂದು ಗಮನಿಸಿ: ಆನ್‌ಲೈನ್ ಓರಿಯೆಂಟೇಶನ್ ಅಂತ ಹಾಕಿರುವ ಸಮಯ ಕಾಲೇಜು ಇರುವ ಊರಿನ ಸಮಯ. ಬೆಳಿಗ್ಗೆ ಹತ್ತು ಅಂದರೆ ನಿಮಗೆ ರಾತ್ರಿ.

ಕ್ಲಾಸು ಸೇರುವ, ಬಿಡುವ ದಿನಗಳು

ಹಣವೂ ಟ್ರಾನ್ಸ್‌ಕ್ರಿಪ್ಟೂ (ಅಂಕಪಟ್ಟಿ) ಒಟ್ಟಿಗೆ ಕೆಡುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ರಿಜಿಸ್ಟ್ರೇಶನ್ ಎಲ್ಲರಿಗೂ ಒಂದೇ ದಿನ ತೆರೆಯುವುದಿಲ್ಲ. ಸೈನ್ಯದಲ್ಲಿ ಇದ್ದವರು, ಅಂಗವೈಕಲ್ಯದ ಸೌಲಭ್ಯ ಪಡೆಯುವವರು, ಇಂಥ ಕೆಲವು ಗುಂಪುಗಳಿಗೆ ಮೊದಲು, ಆಮೇಲೆ ಮುಗಿಸಿದ ಯೂನಿಟ್‌ಗಳ (ಅಂದರೆ ಕ್ರೆಡಿಟ್‌ಗಳ) ಲೆಕ್ಕದಲ್ಲಿ ಉಳಿದವರಿಗೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ ವಿದ್ಯಾರ್ಥಿ ಓರಿಯೆಂಟೇಶನ್ ಮುಗಿಸಿ, ಕೌನ್ಸೆಲರ್ ಜೊತೆ ಕೂತು ಎಜುಕೇಶನ್ ಪ್ಲ್ಯಾನ್ ಮಾಡಿಸಿಕೊಂಡಿದ್ದರೆ ಬೇಗ ಸರದಿ ಸಿಗುತ್ತದೆ, ಇಲ್ಲದಿದ್ದರೆ ಕೊನೆಗೆ. ಹಾಗಾಗಿ ಓರಿಯೆಂಟೇಶನ್ ಅನ್ನುವುದನ್ನು ಕ್ಯಾಂಪಸ್ ಸುತ್ತಾಟ ಅಂದುಕೊಂಡು ಬಿಡಬೇಡಿ. ಇಂಗ್ಲಿಷು, ಕ್ಯಾಲ್ಕ್ಯುಲಸ್, ಕೆಮಿಸ್ಟ್ರಿ ಲ್ಯಾಬು, ಇಂಥ ಎಲ್ಲರಿಗೂ ಬೇಕಾದ ಕ್ಲಾಸುಗಳ ಸೀಟು ಮೊದಲ ಕೆಲವು ದಿನಗಳಲ್ಲೇ ಮುಗಿದುಹೋಗುತ್ತದೆ.

ಮೊದಲ ದಿನ ಕ್ಲಾಸಿಗೆ ಹೋಗಲೇಬೇಕು. ಹೋಗದಿದ್ದರೆ ಪ್ರೊಫೆಸರ್ ನಿಮ್ಮ ಹೆಸರು ತೆಗೆದು ಕಾಯುತ್ತಿರುವ ಇನ್ನೊಬ್ಬರಿಗೆ ಸೀಟು ಕೊಡಬಹುದು. ಕಾಯುತ್ತಿರುವವರು ನೀವೇ ಆಗಿದ್ದರೆ ಅಂದೇ ಹೋಗಿ ಕೂತು, ಕ್ಲಾಸು ಮುಗಿದ ಮೇಲೆ ಆಡ್ ಕೋಡ್ (ಆ ಕ್ಲಾಸಿಗೆ ಸೇರಿಕೊಳ್ಳಲು ಪ್ರೊಫೆಸರ್ ಕೊಡುವ ಸಂಖ್ಯೆ) ಕೇಳಿ. ಸಂಕೋಚ ಬೇಡ. ಕೇಳಿದವರಿಗೇ ಸಿಗುವುದು.

ಇನ್ನು ಕ್ಲಾಸು ಬಿಡುವುದು. ಕ್ಯಾಲೆಂಡರಿನಲ್ಲಿ ಇದಕ್ಕೆ ಮೂರು ಸಾಲು ಇರುತ್ತದೆ, ನೋಡಲು ಮೂರೂ ಒಂದೇ ಥರ ಕಾಣಿಸುತ್ತವೆ. ಒಂದು, ಫೀಸು ವಾಪಸ್ ಸಿಗುವ ಕೊನೆ ದಿನ. ಇನ್ನೊಂದು, ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ ಬೀಳದಂತೆ ಬಿಡುವ ಕೊನೆ ದಿನ. ಮತ್ತೊಂದು, ಡಬ್ಲ್ಯೂ ಬಿದ್ದರೂ ಪರವಾಗಿಲ್ಲ, ಎಫ್ ಬೀಳದಂತೆ ಬಿಡುವ ಕೊನೆ ದಿನ. ಕೆಲವು ಕಾಲೇಜುಗಳಲ್ಲಿ ಮೊದಲ ಎರಡು ಒಂದೇ ದಿನ ಬೀಳುತ್ತವೆ, ಕೆಲವು ಕಡೆ ಬೇರೆ ಬೇರೆ. ಮೂರನೆಯದು ಟರ್ಮಿನ ಅರ್ಧ ದಾಟಿದ ಮೇಲೆ ಬರುತ್ತದೆ. ಡಬ್ಲ್ಯೂ ಅಂದರೆ ಕ್ಲಾಸು ಬಿಟ್ಟರು ಅಂತ ಅಷ್ಟೇ, ಜಿಪಿಎಗೆ ಅದು ಸೇರುವುದಿಲ್ಲ. ಒಂದು ಡಬ್ಲ್ಯೂ ಬಿತ್ತು ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಡಿ ಅಥವಾ ಎಫ್ ಬರುವ ಹಾಗಿದ್ದರೆ ಡಬ್ಲ್ಯೂ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಸಾಲು ಸಾಲು ಡಬ್ಲ್ಯೂ ಇದ್ದರೆ ಯೂನಿವರ್ಸಿಟಿಯವರು ಗಮನಿಸುತ್ತಾರೆ.

ಮತ್ತೂ ಒಂದು ಸೂಕ್ಷ್ಮ ಇದೆ. ಮುಖ್ಯ ಕ್ಯಾಲೆಂಡರಿನ ದಿನಾಂಕಗಳು ಪೂರ್ತಿ ಟರ್ಮಿನ ಕ್ಲಾಸುಗಳಿಗೆ ಮಾತ್ರ. ಎಂಟು ವಾರದ ಕ್ಲಾಸು, ತಡವಾಗಿ ಶುರುವಾಗುವ ಕ್ಲಾಸು, ಬೇಸಿಗೆಯ ಕ್ಲಾಸು, ಇವುಗಳಿಗೆ ಒಂದೊಂದಕ್ಕೂ ಅದರದೇ ದಿನಾಂಕ ಇರುತ್ತದೆ, ಪೋರ್ಟಲ್‌ನಲ್ಲಿ ಆ ಕ್ಲಾಸಿನ ವಿವರ ತೆರೆದರೆ ಸಿಗುತ್ತದೆ. ಕ್ಯುಪರ್ಟಿನೋದ ಡಿ ಆಂಜಾದಂಥ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಎಲ್ಲವೂ ಸೆಮಿಸ್ಟರಿಗಿಂತ ಬೇಗ ಬೇಗ ಬರುತ್ತದೆ, ಎರಡು ವಾರ ಆಗುವಷ್ಟರಲ್ಲಿ ತೀರ್ಮಾನದ ದಿನ ಬಂದಿರುತ್ತದೆ.

ಕ್ಲಾಸು ಬಿಡುವ ಮುಂಚೆ ಇಬ್ಬರನ್ನು ಕೇಳಲೇಬೇಕು. ಫೆಡರಲ್ ನೆರವು ಪಡೆಯುತ್ತಿದ್ದರೆ ಫೈನಾನ್ಷಿಯಲ್ ಏಡ್ ಆಫೀಸು, ಯಾಕೆಂದರೆ ಟರ್ಮಿನ ಶೇ. 60 ಭಾಗ ದಾಟುವ ಮೊದಲೇ ಎಲ್ಲ ಕ್ಲಾಸುಗಳನ್ನೂ ಬಿಟ್ಟರೆ ಪಡೆದ ಹಣದಲ್ಲಿ ಒಂದು ಪಾಲು ವಾಪಸ್ ಹೋಗಬೇಕಾಗುತ್ತದೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇದ್ದರೆ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ. ಟರ್ಮಿಗೆ 12 ಕ್ರೆಡಿಟ್ ಇರಲೇಬೇಕು, ಅದರಲ್ಲಿ ಪೂರ್ತಿ ಆನ್‌ಲೈನ್ ಕ್ಲಾಸು ಒಂದು ಮಾತ್ರ, ಮೂರು ಕ್ರೆಡಿಟ್‌ವರೆಗೆ, ಲೆಕ್ಕಕ್ಕೆ ಬರುತ್ತದೆ. ಡಿಎಸ್ಒ ಒಪ್ಪಿಗೆ ಮೊದಲು, ಡ್ರಾಪ್ ಬಟನ್ ಆಮೇಲೆ. ಇದರಲ್ಲಿ ಹಿಂದು ಮುಂದಾದರೆ ವೀಸಾ ಸ್ಥಿತಿಗೇ ಕುತ್ತು. ಎಚ್-4ನಲ್ಲಿ (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ) ಇರುವವರಿಗೆ ಈ 12 ಕ್ರೆಡಿಟ್ ಕಟ್ಟುಪಾಡು ಇಲ್ಲ, ಒಂದೇ ಕ್ಲಾಸು ತೆಗೆದುಕೊಂಡರೂ ಆಯಿತು, ಪೂರ್ತಿ ಓದಿದರೂ ಆಯಿತು. ಮನೆಯಲ್ಲಿ ಕೂತು ಬೇಜಾರಾಗಿರುವ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ.

ಹಣದ ದಿನಾಂಕ

ಫಾಫ್ಸಾ, ಅಂದರೆ ಓದಿಗೆ ಫೆಡರಲ್ ಸರ್ಕಾರದ ನೆರವು ಕೇಳುವ ಅರ್ಜಿ, ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಮುಂದಿನ ಶರತ್ಕಾಲದಲ್ಲಿ ಶುರುವಾಗುವ ವರ್ಷಕ್ಕೆ. ಫೆಡರಲ್ ಕೊನೆ ದಿನ ತುಂಬಾ ದೂರ ಇರುತ್ತದೆ, ಅದನ್ನು ನೋಡಿ ನಿರಾಳವಾಗಬೇಡಿ. ರಾಜ್ಯದ ಹಣಕ್ಕೆ ದಿನಾಂಕ ಬೇರೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಗ್ರಾಂಟಿಗೆ ಮಾರ್ಚ್ 2 ಅನ್ನುವುದು ಬಹಳ ಕಾಲದಿಂದ ಇರುವ ದಿನ, ಕಮ್ಯುನಿಟಿ ಕಾಲೇಜಿನವರಿಗೆ ಮಾತ್ರ ಸೆಪ್ಟೆಂಬರ್ 2ರ ಇನ್ನೊಂದು ಅವಕಾಶ ಇದೆ. ನಿಮ್ಮ ರಾಜ್ಯದ ಆ ವರ್ಷದ ದಿನಾಂಕ ಕಾಲೇಜಿನ ಫೈನಾನ್ಷಿಯಲ್ ಏಡ್ ಪುಟದಲ್ಲಿ ಮೇಲೇ ಇರುತ್ತದೆ, ಅದನ್ನೇ ನಂಬಿ.

ಫಾಫ್ಸಾ ಸಿಗುವುದು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ. ಎಫ್-1, ಎಚ್-4ನವರಿಗೆ ಇಲ್ಲ. ಆದರೆ ಮಗು ಇಲ್ಲೇ ಹುಟ್ಟಿದ್ದು ಅಪ್ಪ ಅಮ್ಮ ವೀಸಾದಲ್ಲಿದ್ದರೆ ಮಗು ಖಂಡಿತ ಹಾಕಬಹುದು, ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ "ನಮಗೆಲ್ಲ ಬರಲ್ಲ ಬಿಡಿ" ಅಂತ ಸುಮ್ಮನಾಗುವ ಮನೆಗಳು ಬಹಳ ಇವೆ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ ತಾಯಿ ತಂದೆಯೂ ಈಗ ತಮ್ಮ ಖಾತೆ ತೆರೆದು ಸಹಿ ಹಾಕಬಹುದು.

ಕಾಲೇಜುಗಳು ಫಾಫ್ಸಾ ತುಂಬಿಸುವ ವರ್ಕ್‌ಶಾಪು ಇಡುತ್ತವೆ, ಉಚಿತವಾಗಿ. ಹೋಗುವ ಮುಂಚೆ ವಿದ್ಯಾರ್ಥಿಯದ್ದೂ ತಾಯಿ ಅಥವಾ ತಂದೆಯದ್ದೂ ಖಾತೆ ತೆರೆದಿರಬೇಕು. ಖಾತೆ ಪರಿಶೀಲನೆಗೆ ಕೆಲವು ದಿನ ಹಿಡಿಯಬಹುದು, ಅಲ್ಲಿಗೆ ಹೋಗಿ ಶುರು ಮಾಡಿದರೆ ಆ ಸಂಜೆ ಹಾಳು.

ಕಾಲೇಜಿನದೇ ಸ್ಕಾಲರ್‌ಶಿಪ್ ಅಂತ ಇನ್ನೊಂದು ಇರುತ್ತದೆ, ಕಾಲೇಜಿನ ಫೌಂಡೇಶನ್ ಕೊಡುವುದು. ಹಲವು ಕಾಲೇಜುಗಳಲ್ಲಿ ಒಂದೇ ಅರ್ಜಿ ತುಂಬಿದರೆ ಹತ್ತಾರು ಸ್ಕಾಲರ್‌ಶಿಪ್‌ಗಳಿಗೆ ಪರಿಗಣಿಸುತ್ತಾರೆ. ಇವುಗಳಲ್ಲಿ ಕೆಲವಕ್ಕೆ ವೀಸಾ ಅಡ್ಡಿ ಇರುವುದಿಲ್ಲ, ಕೇಳಿ ನೋಡಿ. ದೊಡ್ಡದು ಬೇಕು ಅನ್ನುವವರಿಗೆ ಜ್ಯಾಕ್ ಕೆಂಟ್ ಕುಕ್ ಫೌಂಡೇಶನ್ನಿನ ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 55,000 ಡಾಲರ್‌ವರೆಗೆ. ಪೈಪೋಟಿ ತುಂಬಾ ಜಾಸ್ತಿ, ಆದರೂ ಒಳ್ಳೆ ಗ್ರೇಡ್ ಇರುವ ಹುಡುಗರು ಹಾಕದೆ ಇರಬಾರದು.

ಟ್ರಾನ್ಸ್‌ಫರ್ ಕಾರ್ಯಕ್ರಮಗಳು

ಕಮ್ಯುನಿಟಿ ಕಾಲೇಜಿಗೆ ಸೇರಿದ ಉದ್ದೇಶವೇ ಮುಂದೆ ನಾಲ್ಕು ವರ್ಷದ ಡಿಗ್ರಿಗೆ ಹೋಗುವುದು ಅನ್ನುವುದಾದರೆ, ಈ ಭಾಗವೇ ನಿಮಗೆ ಮುಖ್ಯ. ಲೆಕ್ಕ ಎಷ್ಟು ಚೆನ್ನಾಗಿದೆ ನೋಡಿ: ಕ್ಯಾಲಿಫೋರ್ನಿಯಾದ ನಿವಾಸಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟಿಗೆ 46 ಡಾಲರ್. ಅಸೋಸಿಯೇಟ್ ಡಿಗ್ರಿಗೆ 60 ಸೆಮಿಸ್ಟರ್ ಯೂನಿಟ್, ಅಂದರೆ ಎರಡು ವರ್ಷದ ಬೋಧನಾ ಶುಲ್ಕ 2,760 ಡಾಲರಿನಲ್ಲಿ ಮುಗಿಯುತ್ತದೆ. ಇಷ್ಟು ಉಳಿಸಿ, ಕೊನೆಗೆ ಒಂದು ದಿನಾಂಕ ತಪ್ಪಿ ಒಂದು ವರ್ಷ ಕಾಯುವುದಾದರೆ ಸಂಕಟ ಅಲ್ವಾ?

ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮುಂದಿನ ಶರತ್ಕಾಲಕ್ಕೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸೇರಬೇಕು ಅಂದರೆ ಅರ್ಜಿ ಸಲ್ಲಿಸುವ ಸಮಯ ಈ ಅಕ್ಟೋಬರ್, ನವೆಂಬರ್. ಅದಕ್ಕೂ ಮುಂಚೆ ಸೆಪ್ಟೆಂಬರ್ 1ರಿಂದ 30ರವರೆಗೆ ಟ್ಯಾಗ್ ಅರ್ಜಿ, ಅಂದರೆ ಟ್ರಾನ್ಸ್‌ಫರ್ ಸೀಟಿನ ಖಾತ್ರಿ ಕೇಳುವ ಅರ್ಜಿ. ಇದನ್ನು ಹಾಕಿ ಷರತ್ತು ಪೂರೈಸಿದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಒಂದು ಕಡೆ ಸೀಟು ಖಚಿತ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಲ್ಲಿ ಟ್ಯಾಗ್ ಇಲ್ಲ. ಟ್ಯಾಗ್ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ ಅಂದರೆ ಅದರ ವರ್ಕ್‌ಶಾಪು ಏಪ್ರಿಲ್, ಮೇನಲ್ಲೋ ಆಗಸ್ಟಿನಲ್ಲೋ ಇರುತ್ತದೆ. ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಅದಕ್ಕೂ ಮುಂಚೆ ಮಾಡಿಕೊಂಡಿರಬೇಕು, ಸೆಪ್ಟೆಂಬರಿನಲ್ಲಿ ಅವರ ಬಾಗಿಲ ಮುಂದೆ ಸಾಲು ಇರುತ್ತದೆ. ಬೇರೆ ರಾಜ್ಯಗಳಲ್ಲಿ ವ್ಯವಸ್ಥೆ ಬೇರೆ. ಫ್ಲಾರಿಡಾದಲ್ಲಿ ಎಎ ಅನ್ನುವ ಅಸೋಸಿಯೇಟ್ ಡಿಗ್ರಿ ಮುಗಿಸಿದವರಿಗೆ ರಾಜ್ಯದ ಯೂನಿವರ್ಸಿಟಿಗಳಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಾತ್ರಿ, ಆದರೆ ಕೇಳಿದ ಯೂನಿವರ್ಸಿಟಿ, ಕೇಳಿದ ವಿಷಯ ಅಂತ ಖಾತ್ರಿ ಇಲ್ಲ. ಉತ್ತರ ವರ್ಜೀನಿಯಾದಲ್ಲಿ ನೋವಾ ಕಾಲೇಜಿಗೂ ಜಾರ್ಜ್ ಮೇಸನ್ ಯೂನಿವರ್ಸಿಟಿಗೂ ಅಡ್ವಾನ್ಸ್ ಅನ್ನುವ ಒಪ್ಪಂದ ಇದೆ, ಅದಕ್ಕೆ ಶುರುವಿನಲ್ಲೇ ಸೇರಿಕೊಳ್ಳಬೇಕು, ಕ್ರೆಡಿಟ್ ಜಾಸ್ತಿ ಆದ ಮೇಲೆ ಸೇರಿಸಿಕೊಳ್ಳುವುದಿಲ್ಲ.

ಈಗ ಒಂದು ಪ್ರಕಟಣೆಯನ್ನೇ ಹತ್ತಿರದಿಂದ ನೋಡೋಣ. ಇಂಥವು ಪ್ರತಿ ಕಾಲೇಜಿನಲ್ಲೂ ಬರುತ್ತವೆ: "ಯೂನಿವರ್ಸಿಟಿ ಪ್ರತಿನಿಧಿ ಭೇಟಿ. ಮಂಗಳವಾರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 2. ಟ್ರಾನ್ಸ್‌ಫರ್ ಸೆಂಟರ್. ಅಪಾಯಿಂಟ್‌ಮೆಂಟ್ ಅಗತ್ಯ." ಓದಿದರೆ ಏನೂ ವಿಶೇಷ ಇಲ್ಲ ಅನಿಸುತ್ತದೆ. ಆದರೆ ಲೆಕ್ಕ ಹಾಕಿ. ನಾಲ್ಕು ಗಂಟೆ, ಒಬ್ಬರೇ ಪ್ರತಿನಿಧಿ, ಒಬ್ಬೊಬ್ಬರಿಗೆ ಅರ್ಧ ಗಂಟೆ ಅಂದರೆ ಎಂಟೇ ಜನ. ಪ್ರಕಟಣೆ ಬಂದ ದಿನವೇ ಬುಕ್ ಮಾಡಿದವರಿಗೆ ಜಾಗ, ಸೋಮವಾರ ಸಂಜೆ ನೋಡಿದವರಿಗೆ ಇಲ್ಲ. ಆದರೂ ತುಂಬಿಹೋಗಿದ್ದರೆ ಬಿಟ್ಟುಬಿಡಬೇಡಿ, ಆ ದಿನ ಹೋಗಿ ಕೂತಿರಿ, ಯಾರಾದರೂ ಒಬ್ಬರು ಬರದೇ ಇರುವುದುಂಟು.

ಹೋಗುವಾಗ ಅನ್‌ಅಫಿಷಿಯಲ್ ಟ್ರಾನ್ಸ್‌ಕ್ರಿಪ್ಟಿನ ಒಂದು ಪ್ರತಿ, ಈಗ ಓದುತ್ತಿರುವ ಕ್ಲಾಸುಗಳು, ಮುಂದಿನ ಟರ್ಮಿಗೆ ಅಂದುಕೊಂಡಿರುವ ಕ್ಲಾಸುಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕ್ಯಾಲಿಫೋರ್ನಿಯಾದವರು ಅಸಿಸ್ಟ್ ವೆಬ್‌ಸೈಟಿನಲ್ಲಿ ನಿಮ್ಮ ಕಾಲೇಜು, ಆ ಯೂನಿವರ್ಸಿಟಿ, ನಿಮ್ಮ ಮೇಜರ್ ಮೂರನ್ನೂ ಹಾಕಿದಾಗ ಬರುವ ಪುಟವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ, ಯಾವ ಕ್ಲಾಸು ಯಾವುದಕ್ಕೆ ಸಮ ಅನ್ನುವುದು ಅದರಲ್ಲಿ ಇರುತ್ತದೆ. "ನಿಮ್ಮ ಯೂನಿವರ್ಸಿಟಿ ಹೇಗಿದೆ" ಅಂತ ಕೇಳಿದರೆ ಕರಪತ್ರದಲ್ಲಿ ಇರುವುದನ್ನೇ ಹೇಳುತ್ತಾರೆ. ಅದರ ಬದಲು "ಕ್ಯಾಲ್ಕ್ಯುಲಸ್ ಎರಡು ಮುಗಿದಿದೆ, ಫಿಸಿಕ್ಸ್ ವಸಂತದ ಟರ್ಮಿನಲ್ಲಿ ಮುಗಿಯುತ್ತದೆ, ಇದು ನಡೆಯುತ್ತದಾ, ಅಥವಾ ಬೇಸಿಗೆಗೆ ತಳ್ಳಿದರೆ ತೊಂದರೆಯಾ" ಅಂತ ಕೇಳಿ. ಆಗ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ನಿಮ್ಮ ಹಾಳೆ ನೋಡುತ್ತಾರೆ. ಅವರ ಹೆಸರು, ಇಮೇಲ್ ಬರೆದುಕೊಂಡು, ಮಾತಾಡಿದ ವಿಷಯವನ್ನು ಅಂದೇ ಸಂಜೆ ಎರಡು ಸಾಲಿನಲ್ಲಿ ಅವರಿಗೇ ಬರೆದು ಕಳಿಸಿ. ಮುಂದೆ ಸಂಶಯ ಬಂದಾಗ ಕೇಳಲು ಒಬ್ಬರು ಸಿಕ್ಕಂತಾಯಿತು.

ಟ್ರಾನ್ಸ್‌ಫರ್ ಮೇಳ ಬೇರೆ ರೀತಿ. ಅಲ್ಲಿ ಹತ್ತಾರು ಯೂನಿವರ್ಸಿಟಿಗಳ ಮೇಜು ಇರುತ್ತದೆ, ಗಲಾಟೆ ಇರುತ್ತದೆ, ಆಳವಾಗಿ ಮಾತಾಡಲು ಆಗುವುದಿಲ್ಲ. ನೀವು ಯೋಚಿಸಿಯೇ ಇರದ ಯೂನಿವರ್ಸಿಟಿಗಳ ಹತ್ತಿರ ಹೋಗಲು ಅದು ಒಳ್ಳೆಯ ದಿನ. ಮೊದಲ ವರ್ಷದಲ್ಲೇ ಒಮ್ಮೆ ಹೋಗಿ ಬನ್ನಿ.

ನರ್ಸಿಂಗ್ ಮತ್ತು ಇತರ ಕೆಲಸದ ಕೋರ್ಸುಗಳು

ಅಸೋಸಿಯೇಟ್ ಡಿಗ್ರಿ ನರ್ಸಿಂಗ್ ಮಾಡಿದವರು ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ರಿಜಿಸ್ಟರ್ಡ್ ನರ್ಸ್ ಆಗಬಹುದು. ಇದಕ್ಕೆ ಸೀಟು ಕಡಿಮೆ, ಜನ ಜಾಸ್ತಿ. ಅದಕ್ಕೇ ಕಾಲೇಜುಗಳು ಮಾಹಿತಿ ಸಭೆ ಇಡುತ್ತವೆ. ಕೆಲವು ಕಡೆ ಅದಕ್ಕೆ ಹಾಜರಾಗದವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಿ ಎಷ್ಟು ವರ್ಷದವರೆಗೆ ಒಪ್ಪುತ್ತಾರೆ, ಭಾರತದಲ್ಲಿ ಓದಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ, ಅದರ ಮೌಲ್ಯಮಾಪನ ಯಾರಿಂದ ಆಗಬೇಕು. ರೇಡಿಯಾಲಜಿ, ಡೆಂಟಲ್ ಹೈಜೀನ್ ಕೋರ್ಸುಗಳಿಗೂ ಇದೇ ಮಾತು.

ಉದ್ಯೋಗ ಮೇಳಕ್ಕೆ ಹೋಗುವ ಎಫ್-1 ವಿದ್ಯಾರ್ಥಿಗಳು ನೆನಪಿಡಬೇಕಾದದ್ದು, ಟರ್ಮ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಹೊರಗಿನ ಕೆಲಸಕ್ಕೆ ಮೊದಲೇ ಅನುಮತಿ ಬೇಕು.

ಕಾಲೇಜಿನ ಇಮೇಲಿಗೆ ಮನೆಯಿಂದಲೇ ಕೆಲಸ, ವಾರಕ್ಕೆ ಇಷ್ಟು ದುಡ್ಡು, ಮೊದಲು ಚೆಕ್ ಕಳಿಸುತ್ತೇವೆ ಅನ್ನುವ ಪತ್ರಗಳು ಬರುತ್ತವೆ. ಪ್ರೊಫೆಸರ್ ಹೆಸರಿನಲ್ಲೇ ಬಂದಿದ್ದರೂ ಉತ್ತರಿಸಬೇಡಿ. ನಿಜವಾದ ಕೆಲಸ ಕೆರಿಯರ್ ಸೆಂಟರಿನ ಪಟ್ಟಿಯಲ್ಲಿ ಇರುತ್ತದೆ.

ಸುದ್ದಿ ಪುಟವನ್ನು ಯಾಕೆ ನೋಡಬೇಕು

ಸುದ್ದಿ ಪುಟದಲ್ಲಿ ಬಹುಪಾಲು ಸನ್ಮಾನ, ಉದ್ಘಾಟನೆ, ಗೆಲುವು. ಅದರ ನಡುವೆ ಮೂರು ಥರದ ಸುದ್ದಿ ಬಂದರೆ ನಿಂತು ಓದಿ: ಹೊಸ ಕೋರ್ಸು ಶುರುವಾಗುವುದು ಅಥವಾ ಹಳೆಯದು ನಿಲ್ಲುವುದು, ಫೀಸು, ಮತ್ತು ಅಕ್ರೆಡಿಟೇಶನ್, ಅಂದರೆ ಕಾಲೇಜಿನ ಮಾನ್ಯತೆ.

ಫೀಸಿನ ಸುದ್ದಿ ಮೊದಲು ಕಾಣಿಸುವುದು ಟ್ರಸ್ಟಿಗಳ, ಅಂದರೆ ಕಾಲೇಜು ನಡೆಸುವ ಬೋರ್ಡಿನವರ, ಸಭೆಯ ಅಜೆಂಡಾದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ರಾಜ್ಯ, ಬೇರೆ ದೇಶದವರ ಫೀಸನ್ನು ಪ್ರತಿ ವರ್ಷ ಈ ಬೋರ್ಡೇ ತೀರ್ಮಾನಿಸುತ್ತದೆ, ಹಾಗಾಗಿ ಎಫ್-1ನವರಿಗೆ ಇದು ನೇರ ಜೇಬಿನ ವಿಷಯ. ಆ ರಾಜ್ಯದ 1953ರ ಬ್ರೌನ್ ಆಕ್ಟ್ ಅನ್ನುವ ಕಾನೂನಿನ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. ವಿದ್ಯಾರ್ಥಿಗಳು ಹೋಗಿ ತಮ್ಮ ಕಷ್ಟ ಹೇಳಿದರೆ ಬೋರ್ಡಿನವರು ಕೇಳಿಸಿಕೊಳ್ಳುತ್ತಾರೆ. ಊರಿನವರ ಓಟಿನಿಂದ ಗೆದ್ದು ಬಂದವರು ಅವರು.

ಅಕ್ರೆಡಿಟೇಶನ್ ಅಂದರೆ ಹೆದರಿಕೆ ಹುಟ್ಟಿಸುವ ಸುದ್ದಿ, ಅದನ್ನು ಸಮಾಧಾನವಾಗಿ ಓದಬೇಕು. ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋಗೆ 2012ರ ಜುಲೈನಲ್ಲಿ ಅಕ್ರೆಡಿಟೇಶನ್ ಸಂಸ್ಥೆ ಕಟು ನೋಟಿಸ್ ಕೊಟ್ಟಿತು, ಮಾನ್ಯತೆ ಯಾಕೆ ತೆಗೆಯಬಾರದು ಅಂತ ಕಾರಣ ಕೇಳಿ. ಕಾಲೇಜು ಮುಚ್ಚಿಯೇ ಹೋಯಿತು ಅಂದುಕೊಂಡು ಸಾವಿರಾರು ವಿದ್ಯಾರ್ಥಿಗಳು ಬಿಟ್ಟುಹೋದರು. ಆದರೆ ಆ ಎಲ್ಲ ವರ್ಷಗಳಲ್ಲೂ ಕಾಲೇಜಿನ ಮಾನ್ಯತೆ ಒಂದು ದಿನವೂ ಹೋಗಲಿಲ್ಲ, 2017ರ ಜನವರಿಯಲ್ಲಿ ಪೂರ್ತಿಯಾಗಿ ಮತ್ತೆ ಖಚಿತವಾಯಿತು. ಅಲ್ಲೇ ಇದ್ದು ಓದಿದವರ ಕ್ರೆಡಿಟ್‌ಗಳಿಗೆ ಬೆಲೆ ಉಳಿಯಿತು. ಎಚ್ಚರಿಕೆ, ಪ್ರೊಬೇಶನ್, ಕಾರಣ ಕೇಳುವ ನೋಟಿಸ್, ಮಾನ್ಯತೆ ರದ್ದು, ಇವು ನಾಲ್ಕು ಬೇರೆ ಬೇರೆ ಹಂತ. ಮೊದಲ ಮೂರರಲ್ಲೂ ಕಾಲೇಜಿಗೆ ಮಾನ್ಯತೆ ಇದ್ದೇ ಇರುತ್ತದೆ. ಇಂಥ ಸುದ್ದಿ ಬಂದರೆ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದನ್ನು ಬಿಟ್ಟು ಕಾಲೇಜಿನ ಅಕ್ರೆಡಿಟೇಶನ್ ಪುಟದಲ್ಲಿ ಮೂಲ ಪತ್ರವನ್ನೇ ಓದಿ.

ಬೆಂಕಿ, ಹಿಮ, ಬೇರೆ ಅಪಾಯ ಇದ್ದಾಗ ಬರುವ ತುರ್ತು ಸಂದೇಶಕ್ಕೆ ಫೋನ್ ನಂಬರ್ ಕೊಟ್ಟಿದ್ದೀರಾ ಅಂತ ಪೋರ್ಟಲ್‌ನಲ್ಲಿ ನೋಡಿ. ಹಳೆಯ ನಂಬರ್ ಇದ್ದರೆ ಈಗಲೇ ಬದಲಿಸಿ.

ವಿದ್ಯಾರ್ಥಿಗಳಲ್ಲದವರಿಗೆ

ಇಂಗ್ಲಿಷ್ ಮಾತಾಡಲು ಕಲಿಸುವ ಇಎಸ್ಎಲ್ ಕ್ಲಾಸು, ಪೌರತ್ವ ಪರೀಕ್ಷೆಗೆ ತಯಾರಿ, ಸಂಜೆಯ ಕಂಪ್ಯೂಟರ್ ಕ್ಲಾಸು, ಇವು ಮುಖ್ಯ ಕ್ಯಾಲೆಂಡರಿನಲ್ಲಿ ಇರುವುದಿಲ್ಲ; ಕಂಟಿನ್ಯೂಯಿಂಗ್ ಎಜುಕೇಶನ್ ಅಥವಾ ನಾನ್‌ಕ್ರೆಡಿಟ್ ಅನ್ನುವ ಬೇರೆ ಪುಟದಲ್ಲಿ ಹುಡುಕಿ. ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಸಂಗೀತ, ನಾಟಕ, ಉಪನ್ಯಾಸ ಬೇಕಾದಷ್ಟು ಇರುತ್ತವೆ. ಬೇ ಏರಿಯಾದ ಫುಟ್‌ಹಿಲ್ ಕಾಲೇಜಿನಲ್ಲಿ ಸಾಮಾನ್ಯ ಜನರಿಗಾಗಿಯೇ ಖಗೋಳ ವಿಜ್ಞಾನದ ಉಪನ್ಯಾಸ ಮಾಲೆ ವರ್ಷಗಳಿಂದ ನಡೆಯುತ್ತಿದೆ, ವಿಜ್ಞಾನಿಗಳೇ ಬಂದು ಸರಳವಾಗಿ ಹೇಳುತ್ತಾರೆ. ಯಾವುದಕ್ಕೇ ಹೋಗಿ, ಪ್ರವೇಶ ಉಚಿತ ಅಂತ ಇದ್ದರೂ ಪಾರ್ಕಿಂಗಿಗೆ ದುಡ್ಡು ಇರಬಹುದು, ಪ್ರಕಟಣೆಯ ಕೊನೆಯ ಸಾಲು ಓದಿ. ಅಲ್ಲೇ ಬರೆದಿರುತ್ತಾರೆ.

ಕೊನೆಯ ಟರ್ಮಿನವರಿಗೆ

ಬೇಕಾದ ಕ್ಲಾಸುಗಳೆಲ್ಲ ಮುಗಿದರೆ ಡಿಗ್ರಿ ತಾನಾಗಿ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಕಾಲೇಜುಗಳಲ್ಲಿ ಬರುವುದಿಲ್ಲ. ಗ್ರ್ಯಾಜುಯೇಶನ್ ಪೆಟಿಶನ್ ಅಂತ ಒಂದು ಅರ್ಜಿ ಹಾಕಬೇಕು, ಅದರ ಕೊನೆ ದಿನ ಸಮಾರಂಭಕ್ಕಿಂತ ಎಷ್ಟೋ ತಿಂಗಳು ಮುಂಚೆ ಇರುತ್ತದೆ. ಮೇ ಅಥವಾ ಜೂನಿನ ಸಮಾರಂಭಕ್ಕೆ ಗೌನು ತೊಟ್ಟು ನಡೆಯುವುದಕ್ಕೆ ಹೆಸರು ಕೊಡುವುದೇ ಬೇರೆ, ಈ ಅರ್ಜಿಯೇ ಬೇರೆ. ಎರಡೂ ಮಾಡಿ. ಟ್ರಾನ್ಸ್‌ಫರ್ ಆಗುವವರು ಜನರಲ್ ಎಜುಕೇಶನ್ ಸರ್ಟಿಫಿಕೇಶನ್ (ಮೇಜರ್ ಯಾವುದೇ ಇರಲಿ, ಓದಬೇಕಾದ ಸಾಮಾನ್ಯ ವಿಷಯಗಳು ಮುಗಿದಿವೆ ಅನ್ನುವ ದೃಢೀಕರಣ) ಕೂಡ ಕೇಳಿ ಮಾಡಿಸಿಕೊಳ್ಳಬೇಕು. ಕೊನೆಯ ಗ್ರೇಡ್‌ಗಳು ಬಂದಿವೆಯಾ ಅಂತ ಪೋರ್ಟಲ್‌ನಲ್ಲಿ ನೋಡಿದ ಮೇಲೆಯೇ ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಹೇಳಿ, ಮುಂಚೆಯೇ ಹೇಳಿದರೆ ಗ್ರೇಡ್ ಇಲ್ಲದ ಕಾಗದ ಹೋಗುತ್ತದೆ. ಯುಸಿಗೆ ಅದು ಜುಲೈ 1ರೊಳಗೆ ತಲುಪಬೇಕು, ಓದಿದ ಪ್ರತಿಯೊಂದು ಕಾಲೇಜಿನಿಂದಲೂ, ಒಂದೇ ಒಂದು ಬೇಸಿಗೆ ಕ್ಲಾಸು ಬೇರೆ ಕಡೆ ತೆಗೆದುಕೊಂಡಿದ್ದರೆ ಅಲ್ಲಿಂದಲೂ.